ಮರಳೊಳಗೆ ನೀರಿಡುವ ಮಕುವೇನಿ

ಗಾಂಧಿ ಚೌಕದ ಹಿಂದಿನ ಗಲ್ಲಿ

ಘೋಣಸಗಿಯ ನಮ್ಮ ಹೊಲದಲ್ಲಿ ಒಂದು ಮೂಲೆಯನ್ನು ಕೆಲವು ವರ್ಷಗಳಿಂದ ಬಿತ್ತದೆ ಬಿಟ್ಟಿದ್ದೆವು. ಅಲ್ಲಿ ಬೇವಿನ ಗಿಡದ ಕೆಳಗೆ ನಮ್ಮ ಮಾವನವರ ಸಮಾಧಿ ಇದೆ. ಅದರ ಪಕ್ಕದ ಜಾಗ ಅದು. ಹಿಂಗಾರಿ ಜೋಳ ಬಿತ್ತಲು ಬರುವ ಟ್ರ್ಯಾಕ್ಟರಿನವನು ಪ್ರತಿ ಸಲ ಮೊದಲು ಇದನ್ನೇ ಕೇಳುತ್ತಿದ್ದ: "ಅಕ್ಕಾರ, ಮೂಲಿ ಬಿಡ್ಲಿರಿ?" ನಾನು "ಬಿಡು" ಎನ್ನುತ್ತಿದ್ದೆ. ಅದು ನಮ್ಮ ಮನೆಯವರಿಗಾಗಿ ಕಾದಿಟ್ಟ ಜಾಗ. ಅವರು ಮಾತ್ರ ಸಮುದ್ರದ ಆಚೆ, ಕೆನ್ಯಾ ದೇಶದ ಮಕುವೇನಿ ಎಂಬ ಜಿಲ್ಲೆಯಲ್ಲಿ, ಯಾರದೋ ಹೊಲದಲ್ಲಿದ್ದರು.

ನಮ್ಮ ಮನೆಯವರ ಹೆಸರು ಮಲ್ಲಪ್ಪ. ಬೋರ್‌ವೆಲ್ ಗಾಡಿಯ ಮೇಲೆ ಕೆಲಸ. ತಿಕೋಟಾ, ಬಬಲೇಶ್ವರ ಸುತ್ತಿನ ದ್ರಾಕ್ಷಿ ತೋಟಗಳಿಗೆ ಕೊರೆದು ಕೊರೆದು ಅವರ ಕೈ ಪಳಗಿತ್ತು. ಕೆರೆಗಳಿಗೆ ಕೃಷ್ಣೆಯ ನೀರು ಬರತೊಡಗಿದ ಮೇಲೆ ಇಲ್ಲಿ ಕೊರೆಸುವವರು ಕಡಿಮೆಯಾದರು. ಅವರು ಒಂದು ಕಂಪನಿಯ ಜೊತೆ ಕೆನ್ಯಾಕ್ಕೆ ಹೋದರು. ರೋಗದ ಭಯಕ್ಕೆ ವಿಮಾನಗಳೆಲ್ಲ ನಿಂತಿದ್ದ ಕಾಲದಲ್ಲಿ, ಒಂದು ಮಧ್ಯಾಹ್ನ, ಕೆಲಸದ ಜಾಗದಲ್ಲೇ ಎದೆ ಹಿಡಿದುಕೊಂಡು ಕುಸಿದವರು ಏಳಲಿಲ್ಲ. ತರುವ ದಾರಿ ಇರಲಿಲ್ಲ. ಅಲ್ಲಿಯವರೇ ಮಣ್ಣು ಕೊಟ್ಟರು. ನಮ್ಮ ಫೋನಿಗೆ ಬಂದದ್ದು ಒಂದು ಫೋಟೊ: ಉದ್ದನೆಯ ಮಣ್ಣಿನ ದಿಬ್ಬ, ಅದರ ತಲೆಗೆ ಕಟ್ಟಿಗೆಯ ಶಿಲುಬೆ.

ನಾವು ಲಿಂಗಾಯತರು. ನಮ್ಮಲ್ಲಿ ಸತ್ತವರನ್ನು ಸುಡುವುದಿಲ್ಲ, ಮಲಗಿಸುವುದೂ ಇಲ್ಲ. ಅಂಗೈಯಲ್ಲಿ ಲಿಂಗವಿಟ್ಟು, ಪೂಜೆಗೆ ಕೂತ ಹಾಗೆ ಕೂಡಿಸಿ ಮಣ್ಣು ಕೊಡುತ್ತೇವೆ. ಆ ಫೋಟೊದ ಉದ್ದನೆಯ ದಿಬ್ಬವನ್ನು ನೋಡಿದಾಗಲೆಲ್ಲ ನನಗೆ ಅವರು ಪೆಟ್ಟಿಗೆಯೊಳಗೆ ಅಂಗಾತ ಮಲಗಿದ್ದು ಕಾಣುತ್ತಿತ್ತು. ಫೋನಿನಲ್ಲಿ ಕೇಳಬಹುದಿತ್ತು. ಬಾಯಿ ಬರಲಿಲ್ಲ. ಮಲಗಿಸಿದೆವು ಎಂದುಬಿಟ್ಟರೆ ಆಮೇಲೆ ಏನು ಮಾಡಲಿ?

ಮೈದುನ ಶರಣುವಿಗೆ ಬಬಲೇಶ್ವರದಲ್ಲಿ ಮೋಟಾರ್ ರಿಪೇರಿ ಅಂಗಡಿ ಇದೆ. ಅವನೇ ಅಲ್ಲಿ ಇಲ್ಲಿ ವಿಚಾರಿಸಿದ. ಹೊಲದವರು ಒಪ್ಪಿದರೆ, ಆ ಸರ್ಕಾರದ ಅಪ್ಪಣೆ ಸಿಕ್ಕರೆ, ಉಳಿದದ್ದನ್ನು ತೆಗೆದು ಊರಿಗೆ ತರಬಹುದು ಎಂದು ಗೊತ್ತಾಯಿತು.

"ಹೋಗೂಣ ನಡೀರಿ ವೈನಿ," ಎಂದ. "ತರೂದೋ ಬಿಡೂದೋ, ಅಲ್ಲೆ ನಿಂತ ನೀವ ಹೇಳ್ರಿ. ಇಲ್ಲೆ ಕುಂತ ಆ ಫೋಟೊ ನೋಡಿ ನೋಡಿ ನಿಮ್ಮ ಕಣ್ಣ ಹೋದಾವು."

ವಿಜಯಪುರದ ಗಾಂಧಿ ಚೌಕದ ಹಿಂದಿನ ಗಲ್ಲಿಯಲ್ಲಿ ನಾವು ನಾಲ್ಕಾರು ಹೆಂಗಸರು ಸೇರಿ ಜೋಳದ ರೊಟ್ಟಿ ಬಡಿದು ಮಾರುತ್ತೇವೆ. ಪಕ್ಕದ ಮನೆಯಲ್ಲಿ ಬಟ್ಟೆ ಹೊಲಿಯುವ ರಜಿಯಾ ನನ್ನ ಹಳೆಯ ಗೆಳತಿ. ಹೊರಡುವ ದಿನ ಆಕೆ ನನ್ನ ಚೀಲದ ಹೊಲಿಗೆಯನ್ನು ಇನ್ನೊಮ್ಮೆ ಗಟ್ಟಿ ಮಾಡಿಕೊಟ್ಟು, "ನೀಲಾ, ಉಳದದ್ದು ಏನರೆ ಆಗ್ಲಿ ಬೇ," ಎಂದಳು. "ಮಣ್ಣ ಕೊಟ್ಟವ್ರ ಕೈ ಒಮ್ಮಿ ಹಿಡದ ಬಾ. ನಾವ್ಯಾರೂ ಅಲ್ಲಿ ಇರಲಿಲ್ಲ. ಅವ್ರ ಇದ್ರು."

ನೈರೋಬಿ ವಿಮಾನ ನಿಲ್ದಾಣ

ನಾನು ಕಟ್ಟಿಕೊಂಡದ್ದು ಕಡಕ್ ರೊಟ್ಟಿ, ನಂಜಿಕೊಳ್ಳಲು ಶೇಂಗಾ ಹಿಂಡಿ. ಶರಣು ಇಟ್ಟುಕೊಂಡದ್ದು ಉಳಿದದ್ದನ್ನು ಕಟ್ಟಿ ತರಲು ಒಂದು ಹೊಸ ಬಿಳಿ ಬಟ್ಟೆ, ಒಂದು ದೊಡ್ಡ ವಿಭೂತಿ ಗಟ್ಟಿ, ಮತ್ತೆ ತಂತಿ ಬಿಗಿಯುವ ಒಂದು ಪಕ್ಕಡ್. ಪಕ್ಕಡ್ ಇಲ್ಲದೆ ಅವನು ಮದುವೆಗೂ ಹೋಗುವುದಿಲ್ಲ.

ನೈರೋಬಿಯಲ್ಲಿ ಚೀಲ ತೆರೆಸಿದ ಅಧಿಕಾರಿ ಎತ್ತರದ ಹೆಣ್ಣುಮಗಳು. ರೊಟ್ಟಿಯ ಕಟ್ಟನ್ನು ಬೆರಳ ಗೆಣ್ಣಿನಿಂದ ಬಾಗಿಲು ತಟ್ಟಿದ ಹಾಗೆ ತಟ್ಟಿ ನೋಡಿದಳು. ಟಕಟಕ ಎಂದಿತು. ಅದಕ್ಕೆ ನಕ್ಕು ಬಿಟ್ಟಳು. ಆದರೆ ವಿಭೂತಿ ಗಟ್ಟಿ ಕೈಗೆ ಸಿಕ್ಕಾಗ ಮುಖ ಬದಲಾಯಿತು. ಬಿಳಿ ಪುಡಿ. ಬೆರಳಿನಿಂದ ಕೆರೆದಳು, ಮೂಸಿದಳು, ಇನ್ನೊಬ್ಬರನ್ನು ಕರೆದಳು. ಅವರು ಮತ್ತೊಬ್ಬರನ್ನು ಕರೆದರು.

ನಾನು ಶರಣುವಿನ ತೋಳು ಹಿಡಿದು ಜಗ್ಗಿದೆ. "ಶರಣು, ಏನಾರ ಹೇಳೊ."

"ಇಂಗ್ಲಿಷಿನ್ಯಾಗ ವಿಭೂತಿಗೆ ಏನ ಅಂತಾರ ನನಗೇನ ಗೊತ್ತರಿ ವೈನಿ?" ಎಂದವನು, ಕುಡಿಯುವ ನೀರನ್ನು ಅಂಗೈಗೆ ಹಾಕಿಕೊಂಡು, ಗಟ್ಟಿ ತಿಕ್ಕಿ, ಅವರೆಲ್ಲರ ಎದುರಿಗೇ ಹಣೆಗೆ ಮೂರು ಬೆರಳು ಎಳೆದ. ನಂತರ ಎರಡೂ ತೋಳಿಗೆ. ಆಮೇಲೆ ಕಣ್ಣು ಮುಚ್ಚಿ ಕೈ ಮುಗಿದು ನಿಂತ. ಅವರು ಸ್ವಲ್ಪ ಹೊತ್ತು ನೋಡಿ, ಚರ್ಚಿಗೆ ಬಂದವರ ಹಾಗೆ ಗಂಭೀರವಾಗಿ ತಲೆಯಾಡಿಸಿ, ನಮ್ಮನ್ನು ಬಿಟ್ಟರು.

ಹೊರಗೆ ಬಂದ ಮೇಲೆ ಅವನು ಕೇಳಿದ: "ಅಳಸ್ಲಿರಿ?"

"ಇರ್ಲಿ ಬಿಡು, ಚಂದ ಕಾಣ್ತದ," ಎಂದೆ. ಬಹಳ ದಿನಗಳ ಮೇಲೆ ನನಗೆ ನಗು ಬಂದಿತ್ತು.

ವೋಟೆಗೆ ಹೋಗುವ ದಾರಿ

ಮಕುವೇನಿ ಜಿಲ್ಲೆಗೆ ಸಮುದ್ರವಿಲ್ಲ. ಅದು ಒಳನಾಡು. ನೈರೋಬಿಯಿಂದ ಸಮುದ್ರದ ಕಡೆ ಹೋಗುವ ಹೆದ್ದಾರಿಯನ್ನು ಹಿಡಿದು ಆಮೇಲೆ ಗುಡ್ಡಗಳ ಕಡೆ ತಿರುಗಬೇಕು. ಮೊದಲು ಸಿಕ್ಕದ್ದು ಬಯಲು, ಅದರಲ್ಲಿ ಕರಿ ಮಣ್ಣು. ಬಿಸಿಲಿಗೆ ಬಿರುಕು ಬಿಟ್ಟು, ಕೈ ತೂರುವಷ್ಟು ಬಾಯಿ ತೆರೆದ ಎರೆ ಮಣ್ಣು. ಶರಣು ಬಾಡಿಗೆ ಗಾಡಿಯನ್ನು ನಿಲ್ಲಿಸಲು ಹೇಳಿ ಇಳಿದು ಒಂದು ಹೆಂಟೆ ಎತ್ತಿ ಒಡೆದು ನೋಡಿದ. "ಯಪ್ಪಾ! ಇದು ನಮ್ಮ ಡೋಣಿ ಹೊಳಿ ದಂಡಿ ಮಣ್ಣರಿ," ಎಂದ. ಮುಂದೆ ಹೋದಂತೆ ಮಣ್ಣು ಕೆಂಪಾಯಿತು, ನೆಲ ಏರುಪೇರಾಯಿತು.

ರೈಲು ಹಳಿಯೊಂದು ದೂರದಲ್ಲಿ ನಮ್ಮ ಜೊತೆಗೇ ಬರುತ್ತಿತ್ತು. ಇಂಗ್ಲಿಷರ ಕಾಲದಲ್ಲಿ ಆ ಮೊದಲ ಹಳಿ ಹಾಕಲು ನಮ್ಮ ದೇಶದಿಂದ ಕೂಲಿಗಳನ್ನು ಹಡಗಿನಲ್ಲಿ ತಂದಿದ್ದರಂತೆ. ಬಹಳ ಜನ ಹಿಂದಿರುಗಲಿಲ್ಲ. ಅವರ ಮನೆಗಳಿಗೆ ಒಂದು ಫೋಟೊ ಕೂಡ ಹೋಗಿರಲಿಕ್ಕಿಲ್ಲ ಎಂದುಕೊಂಡೆ.

ವೋಟೆ ಆ ಜಿಲ್ಲೆಯ ಮುಖ್ಯ ಊರು. ನಮ್ಮ ತಿಕೋಟಾದ ಸಂತೆ ಬೀದಿಯನ್ನು ಸ್ವಲ್ಪ ಅಗಲ ಮಾಡಿದರೆ ಹೇಗೋ ಹಾಗೆ. ಅಂಗಡಿಗೆ ಅವರು 'ದುಕಾ' ಎನ್ನುತ್ತಾರೆ, ಗಾಡಿಗೆ 'ಗಾರಿ', ಚಹಾಕ್ಕೆ 'ಚಾಯ್'. ಚಪಾತಿ ಚಪಾತಿಯೇ. ಅಲ್ಲಿ ನಮಗಾಗಿ ಕಾಯುತ್ತಿದ್ದವಳು ಮ್ವೆಂಡೆ. ಅವಳು ಪ್ರಾಥಮಿಕ ಶಾಲೆಯ ಶಿಕ್ಷಕಿ. ಆ ಫೋಟೊ ಕಳಿಸಿದವಳು ಅವಳೇ, ಯಾರ ಹೊಲದಲ್ಲಿ ನಮ್ಮ ಮನೆಯವರಿದ್ದಾರೋ ಆ ಮುತುವಾನ ಮಗಳು. ಅವಳು ಇಂಗ್ಲಿಷಿನಲ್ಲಿ ಹೇಳುವುದು, ಅದನ್ನು ಶರಣು ತನಗೆ ತಿಳಿದಷ್ಟು ನನಗೆ ಹೇಳುವುದು, ಹೀಗೆ ನಮ್ಮ ಮಾತು ನಡೆಯಿತು.

ದಾರಿಯುದ್ದಕ್ಕೂ ಮನೆಗಳ ಮುಂದೆ ತೊಗರಿ ಒಣ ಹಾಕಿದ್ದರು. ನಮ್ಮ ಕಡೆ ಸಂಕ್ರಾಂತಿಯ ಹೊತ್ತಿಗೆ ಕಾಣುವ ನೋಟ ಅಲ್ಲಿ ಶ್ರಾವಣದಲ್ಲಿ ಕಂಡಿತು. ತೊಗರಿ, ಹೆಸರು, ಮೆಕ್ಕೆಜೋಳ, ಮಾವು, ಆಡು. ಇಷ್ಟರ ಮೇಲೆ ಆ ಜಿಲ್ಲೆ ಬದುಕುತ್ತದೆ. ಗಂಡಸರು ದೊಡ್ಡ ಊರುಗಳಿಗೆ ದುಡಿಯಲು ಹೋಗುತ್ತಾರೆ, ಹೊಲ ಹೆಂಗಸರದು. ಅವರ ತೊಗರಿಯ ಒಂದು ಪಾಲು ಹಡಗಿನಲ್ಲಿ ನಮ್ಮ ದೇಶಕ್ಕೇ ಬರುತ್ತದೆ ಎಂದು ಮ್ವೆಂಡೆ ಹೇಳಿದಾಗ ಶರಣು ನನ್ನ ಕಡೆ ತಿರುಗಿದ.

"ಕೇಳಿದ್ರೇನ್ರಿ? ನಮ್ಮ ತೊಗರಿ ರೇಟ್ ಬಿದ್ದಾಗೆಲ್ಲ ನಾವ ಬೈಯೂದ ಇವ್ರಿಗೆ."

"ಅದನ್ನ ಆಕಿಗೆ ಹೇಳಬ್ಯಾಡ," ಎಂದೆ. ಅವನು ಹೇಳಿಯೇಬಿಟ್ಟ. ಮ್ವೆಂಡೆ ನಗುತ್ತ, ನೀವು ಕೊಳ್ಳದೆ ಇದ್ದಾಗ ನಾವೂ ನಿಮ್ಮನ್ನು ಬೈಯುತ್ತೇವೆ ಎಂದಳಂತೆ. ಅಲ್ಲಿಗೆ ಲೆಕ್ಕ ಸರಿಹೋಯಿತು.

ಗುಡ್ಡಗಳ ಮೈಗೆಲ್ಲ ಮೆಟ್ಟಿಲು ಕಡಿದ ಹಾಗೆ ಬದುಗಳಿದ್ದವು. ಹಿಂದೆ ಇಂಗ್ಲಿಷರು ಜಬರದಸ್ತಿಯಿಂದ ಆ ಬದು ಹಾಕಿಸುತ್ತಿದ್ದರಂತೆ. ಜನ ಅದನ್ನು ದ್ವೇಷಿಸುತ್ತಿದ್ದರು. ಆಮೇಲೆ ಹೆಂಗಸರ ಗುಂಪುಗಳು ತಾವೇ ಅದನ್ನು ಕೈಗೆತ್ತಿಕೊಂಡವು. ಇವತ್ತು ನಿನ್ನ ಹೊಲ, ನಾಳೆ ನನ್ನ ಹೊಲ ಎಂದು ಹಾಡುತ್ತ ಅಗೆಯುತ್ತಾರೆ. ನಮ್ಮಲ್ಲಿ ಮುಯ್ಯಾಳು ಎನ್ನುವುದು ಇದಕ್ಕೇ. ನಮ್ಮಲ್ಲಿ ಅದು ಹೋಗುತ್ತಾ ಬಂತು. ಅಲ್ಲಿ ಇದೆ.

ಒಂದು ಕಡೆ ದಾರಿ ಬದಿಗೆ ಆನೆಯ ಮೈಯಂಥ ಬುಡದ ಮರಗಳು ನಿಂತಿದ್ದವು. ನನಗೆ ಅವು ಗೊತ್ತು. ವಿಜಯಪುರದ ಹಳೆಯ ದರ್ಗಾದ ಬಳಿ ಅಂಥದೇ ಮರವಿದೆ, ಗೋರಖ ಹುಣಸೆ ಎನ್ನುತ್ತಾರೆ. ಸುಲ್ತಾನರ ಕಾಲದಲ್ಲಿ ಆಫ್ರಿಕದಿಂದ ಬಂದವರು ಬೀಜ ತಂದಿರಬೇಕು ಎಂದು ಊರಲ್ಲಿ ಮಾತು. ಬಂದ ಆ ಜನರಲ್ಲಿ ಸಿಪಾಯಿಗಳಿದ್ದರು, ದರ್ಬಾರಿನಲ್ಲಿ ದೊಡ್ಡವರಾದವರೂ ಇದ್ದರು. ಅವರೂ ನಮ್ಮ ಮಣ್ಣಿನಲ್ಲೇ ಉಳಿದರು. ಆ ಮರದ ಕೆಳಗೆ ನಾನು ಎಷ್ಟೋ ಸಲ ರೊಟ್ಟಿ ಬುಟ್ಟಿ ಇಳಿಸಿ ದಣಿವಾರಿಸಿಕೊಂಡಿದ್ದೇನೆ. ಅವರನ್ನು ಕಳಿಸಿದ ಮನೆಯವರ ಬಗ್ಗೆ ಒಂದು ದಿನವೂ ಯೋಚಿಸಿರಲಿಲ್ಲ.

ಮುತುವಾನ ಹೊಲ

ಮುತುವಾ ಎತ್ತರದ, ಬಡಕಲು ಮುದುಕ. ಬಿಸಿಲಿಗೆ ಒಂದು ಹಳೆಯ ಹ್ಯಾಟು. ನಾವು ಗಾಡಿ ಇಳಿಯುತ್ತಲೇ ಮೂರು ಕಾಲಿನ ಪುಟ್ಟ ಮಣೆಯೊಂದನ್ನು ತಂದು ನನ್ನ ಮುಂದೆ ಇಟ್ಟು ಹೇಳಿದ:

"ಕುಂದರ್ರಿ."

ನನ್ನ ಕಿವಿಯನ್ನು ನಾನು ನಂಬಲಿಲ್ಲ. ಶರಣುವಿನ ಕಡೆ ನೋಡಿದೆ. ಅವನ ಬಾಯಿಯೂ ತೆರೆದೇ ಇತ್ತು. ಮುದುಕ ಇನ್ನೊಂದು ಸಲ, ನಮ್ಮ ಕಡೆಯ ಹಿರಿಯರ ಹಾಗೆಯೇ ಕೈ ತೋರಿಸಿ ಹೇಳಿದ: "ಕುಂದರ್ರಿ. ಚಾ ಕುಡೀರಿ."

ಬೋರ್ ಗಾಡಿ ಅವನ ಹೊಲದ ಅಂಚಿನಲ್ಲಿ ನಿಂತಿದ್ದ ದಿನಗಳಲ್ಲಿ, ನೋಡಲು ಬಂದ ಎಲ್ಲರಿಗೂ ನಮ್ಮ ಮನೆಯವರು ಹಾಗೆಯೇ ಹೇಳುತ್ತಿದ್ದರಂತೆ. ಊರಲ್ಲೂ ಅವರು ಹಾಗೆಯೇ. ಬೇಡಲು ಬಂದವನಿಗೂ ಕುಂದರ್ರಿ, ಬಡ್ಡಿ ಕೇಳಲು ಬಂದವನಿಗೂ ಕುಂದರ್ರಿ. ನಾನು ಕುಳಿತೆ. ಚಹಾಕ್ಕೆ ಹಾಲು ಬಹಳ, ಸಕ್ಕರೆ ಇನ್ನೂ ಬಹಳ. ಒಂದೇ ಗುಟುಕು ಕುಡಿದೆ. ಲೋಟ ಕೆಳಗಿಟ್ಟು ಎದ್ದೆ.

ಅಲ್ಲಿಯ ಕಾಂಬಾ ಜನ ತಮ್ಮವರನ್ನು ಊರ ಹೊರಗೆ ಇಡುವುದಿಲ್ಲ, ತಮ್ಮ ಹೊಲದಲ್ಲೇ ಮನೆಗೆ ಹತ್ತಿರ ಇಡುತ್ತಾರೆ. ಇದನ್ನು ಕೇಳಿದಾಗಲೇ ನನಗೆ ಅರ್ಧ ಸಮಾಧಾನವಾಗಿತ್ತು. ನಾವೂ ಹಾಗೆಯೇ ಅಲ್ಲವೆ. ಮನೆಯ ಹಿಂದೆ ಮಾವಿನ ಗಿಡಗಳ ಸಾಲಿನ ಕೊನೆಗೆ ಮುತುವಾನ ತಂದೆ ತಾಯಿಯ ಸಮಾಧಿಗಳು. ಅವುಗಳ ಪಕ್ಕದಲ್ಲಿ ಆ ಫೋಟೊದ ದಿಬ್ಬ. ಕಸ ತೆಗೆದು ಸ್ವಚ್ಛವಾಗಿ ಇಟ್ಟಿದ್ದರು. ಶಿಲುಬೆಯ ಬುಡವನ್ನು ಗೆದ್ದಲು ತಿಂದು ಅದು ಒಂದು ಕಡೆಗೆ ವಾಲಿತ್ತು. ದಿಬ್ಬ ಫೋಟೊದಲ್ಲಿದ್ದಷ್ಟೇ ಉದ್ದ.

"ಕೇಳ್ಲಿರಿ ವೈನಿ?" ಶರಣು ಸಣ್ಣ ದನಿಯಲ್ಲಿ ಕೇಳಿದ.

"ಕೇಳು."

ಅಣ್ಣನನ್ನು ಮಲಗಿಸಿದರೋ ಕೂಡಿಸಿದರೋ ಎಂದು ಅವನು ಮ್ವೆಂಡೆಗೆ ಕೇಳಿದ. ಅವಳು ತಂದೆಗೆ ಕೇಳಿದಳು. ಮುದುಕ ನಕ್ಕ. ನನಗೆ ಸಿಟ್ಟು ಬಂತು. ಅವನು ಹ್ಯಾಟು ತೆಗೆದು ಮಗಳ ಕೈಗೆ ಕೊಟ್ಟ. ದಿಬ್ಬದ ಪಕ್ಕದ ನೆಲದ ಮೇಲೆ ಕುಳಿತು, ಮಂಡಿ ನೋವಿಗೆ ನರಳುತ್ತ, ಕಾಲು ಮಡಚಿ ಚಕ್ಕಂಬಕ್ಕಲ ಹಾಕಿದ. ಬೆನ್ನು ನೆಟ್ಟಗೆ ಮಾಡಿದ. ಎಡಗೈಯನ್ನು ಎದೆಯ ಮುಂದೆ ತಂದು, ಅಂಗೈ ತೆರೆದು, ಅದರೊಳಗೆ ಏನೋ ಇದೆಯೆಂಬಂತೆ ನೋಡುತ್ತ ಸುಮ್ಮನೆ ಕುಳಿತ.

ಪ್ರತಿ ದಿನ ಬೆಳಿಗ್ಗೆ ಸ್ನಾನ ಮಾಡಿ ನಮ್ಮ ಮನೆಯವರು ಕೂರುತ್ತಿದ್ದದ್ದು ಹೀಗೆಯೇ.

ಶರಣು ಬೇರೆ ಕಡೆ ಮುಖ ತಿರುಗಿಸಿ ನಿಂತ. ನಂತರ ಮೂಗು ಒರೆಸಿಕೊಂಡು ಬಂದು ತಂದೆ ಮಗಳು ಹೇಳಿದ್ದನ್ನು ತುಂಡು ತುಂಡಾಗಿ ನನಗೆ ಹೇಳಿದ.

"ಬೋರ್ ನೀರ ಸವುಳ ಬಂತಂತ್ರಿ, ನಮ್ಮ ಡೋಣಿ ನೀರಿನಂಗ. ದನಕ್ಕ ಆಗ್ತದ, ಮಂದಿಗೆ ಆಗೂದಿಲ್ಲ. ಅದಕ್ಕ ಅಣ್ಣ ಬಿಡುವಿದ್ದಾಗ ಇವ್ರ ಕೂಡ ಹಳ್ಳದ ದಂಡಿಗೆ ಒಂದ ದುಂಡನ ಬಾವಿ ತೋಡಾಕ ನಿಂತಾನ. ಒಂದಿನ ತೆಗ್ಗಿನ್ಯಾಗ, ತಂಪ ಅಂತ, ಚಾ ಹಿಡಕೊಂಡ ಕುಂತಿದ್ನಂತ. ಮುದುಕ ಮ್ಯಾಲಿಂದ ಚಾಷ್ಟಿ ಮಾಡ್ಯಾನ, ಏನ ಮಲ್ಲು, ಅಲ್ಲೇ ಮನಿ ಮಾಡಿದ್ಯಾ ಅಂತ. ಅದಕ್ಕ ಅಣ್ಣ ಅಂದಾನ, ನಮ್ಮ ಮಂದಿ ಕಡೀಕ ಹಿಂಗ ಕುಂದರ್ತಾರ, ಮಲಗೂದಿಲ್ಲ ಅಂತ."

ಆ ಮಾತನ್ನು ಮುದುಕ ಮರೆತಿರಲಿಲ್ಲ. ನಮ್ಮ ಮನೆಯವರು ತೀರಿಕೊಂಡ ದಿನ, ಬಾವಿ ತೋಡಿದ ಅದೇ ಜನ ಬಂದು ಬಾವಿಯ ಹಾಗೆಯೇ ದುಂಡಗೆ, ಆಳವಾಗಿ ತೆಗ್ಗು ತೆಗೆದರು. ಕೊರಳಲ್ಲಿದ್ದ ಲಿಂಗವನ್ನು ಯಾವ ಕೈಯಲ್ಲಿ ಇಡಬೇಕೆಂದು ಅವರಲ್ಲೇ ಜಗಳವಾಯಿತು. ಬಲಗೈ ಎಂದವರೇ ಹೆಚ್ಚು. ಬೆಳಿಗ್ಗೆ ಅವರು ಕೂರುವುದನ್ನು ದಿನಾ ಕಂಡಿದ್ದ ಮುತುವಾ ಎಡಗೈ ಎಂದು ಹಟ ಹಿಡಿದ.

"ಎಡಗೈನ ಹೌದು," ಶರಣು ನನಗೆ ಹೇಳಿದ, ನನಗೆ ಗೊತ್ತಿಲ್ಲವೇನೋ ಎಂಬಂತೆ. "ಎಡಗೈನ ಹೌದರಿ ವೈನಿ."

"ಮತ್ತ ಈ ದಿಬ್ಬ ಯಾಕ ಉದ್ದ ಐತಿ? ಶಿಲುಬಿ ಯಾಕ?"

ಇದಕ್ಕೆ ಮ್ವೆಂಡೆಯೇ ನಾಚಿಕೊಂಡು ಉತ್ತರ ಕೊಟ್ಟಳು. ತೆಗ್ಗು ಮುಚ್ಚಿದ ಬಳಿಕ ಮೇಲೆ ದುಂಡನೆಯ ಗುಡ್ಡೆ ಉಳಿಯಿತು. ಊರ ಜನಕ್ಕೆ ಅದು ಹುತ್ತದ ಹಾಗೆ ಕಂಡಿತು. ಗೆಣಸು ಹಾಕಿದ ಗುಡ್ಡೆ ಎಂದು ಯಾರಾದರೂ ಅಗೆದಾರು, ಆಡು ಕಾಯುವವರು ತುಳಿದಾರು. ಆದ್ದರಿಂದ ಮಣ್ಣು ಎಳೆದು ತಮ್ಮವರ ಸಮಾಧಿಗಳ ಹಾಗೆ ಉದ್ದ ಮಾಡಿದರು. ಗುರುತಿಗೆ ಏನಾದರೂ ಬೇಕಿತ್ತು. ಊರ ಬಡಗಿಗೆ ಸಮಾಧಿಯ ಗುರುತೆಂದರೆ ಶಿಲುಬೆ, ಬೇರೆ ಮಾಡಿ ಗೊತ್ತಿಲ್ಲ.

"ಮ್ಯಾಲ ಅವ್ರ ಪದ್ಧತಿ, ತಳಗ ನಮ್ಮ ಪದ್ಧತಿ," ಎಂದ ಶರಣು. "ನಾವು ಇಷ್ಟ ವರ್ಷ ಮ್ಯಾಲಿಂದ ಅಷ್ಟ ನೋಡ್ಕೋತ ಕುಂತಿವಿ."

ನಾನು ಕೊನೆಗೆ ಒಂದೇ ಮಾತು ಕೇಳಿದೆ. ಕೆಳಗೆ ಇಳಿಸುವಾಗ ಯಾರಾದರೂ ಏನಾದರೂ ಹೇಳಿದರೇ? ನಮ್ಮಲ್ಲಾದರೆ ಮಠದ ಅಯ್ಯನವರು ಮಂತ್ರ ಹೇಳುತ್ತಾರೆ. ಈ ಪ್ರಶ್ನೆ ಮೂರು ಬಾಯಿ ದಾಟಿ ಮುದುಕನಿಗೆ ಮುಟ್ಟಲು ಸ್ವಲ್ಪ ಹೊತ್ತು ಹಿಡಿಯಿತು. ಅವನು ನೆಲದಿಂದ ಏಳಲು ಮಗಳ ಕೈ ಹಿಡಿದಿದ್ದ. ಹಾಗೆಯೇ ತಡೆದು ನನ್ನ ಮುಖ ನೋಡಿ ಹೇಳಿದ.

ಶರಣು ತಿಳಿಸಿ ಹೇಳಬೇಕಾಗಲಿಲ್ಲ. ಅವರ ಭಾಷೆಯ ಮಾತುಗಳ ನಡುವೆ ಅದು ನನಗೇ ಕೇಳಿತು. ಅವರಿಗೆ ಗೊತ್ತಿದ್ದ ನಮ್ಮ ಮಾತಿನಲ್ಲಿ ಆ ಹೊತ್ತಿಗೆ ಒಪ್ಪುವುದು ಅದೊಂದೇ. ಅದನ್ನೇ ಹೇಳಿ ಇಳಿಸಿದ್ದರು.

"ಕುಂದರ್ರಿ, ಮಲ್ಲು."

ಮರಳಿನ ಹೊಳೆ

ಮರುದಿನ ಬೆಳಿಗ್ಗೆ ಮುತುವಾ ನಮ್ಮನ್ನು ಹಳ್ಳಕ್ಕೆ ಕರೆದೊಯ್ದ. ಹಳ್ಳದಲ್ಲಿ ನೀರಿಲ್ಲ, ದಂಡೆಯಿಂದ ದಂಡೆಗೆ ಬರೀ ಮರಳು. ಅಡ್ಡಕ್ಕೆ ಒಂದು ಕಲ್ಲಿನ ಗೋಡೆ. ಮಳೆಯ ಹೊಳೆ ಹರಿದಾಗ ಆ ಗೋಡೆಯ ಹಿಂದೆ ಮರಳು ತುಂಬಿ ನಿಲ್ಲುತ್ತದೆ, ನೀರು ಮರಳಿನೊಳಗೆ ಅಡಗಿ ಕೂರುತ್ತದೆ. ಬಿಸಿಲು ಅದನ್ನು ಕುಡಿಯಲಾರದು. ಬೇಸಿಗೆಯಲ್ಲಿ ಕೈಯಿಂದ ಬಗೆದರೂ ನೀರು ಸಿಗುತ್ತದೆ. ವಿಜಯಪುರದ ಹಳೆಯ ಸುಲ್ತಾನರು ತೊರವಿಯಿಂದ ನೆಲದಡಿಯ ಸುರಂಗದಲ್ಲಿ ನೀರು ತಂದದ್ದು ನೆನಪಾಯಿತು. ಒಣ ನಾಡಿನವರ ಬುದ್ಧಿ ಎಲ್ಲ ಕಡೆ ಒಂದೇ: ನೀರನ್ನು ಬಿಸಿಲಿಗೆ ತೋರಿಸಬಾರದು.

ದಂಡೆಯಲ್ಲಿ ಆ ದುಂಡನೆಯ ಬಾವಿ. ಕಲ್ಲು ಕಟ್ಟಿದ ರೀತಿ ನಮ್ಮ ಕಡೆಯದು. ನಾನು ಒಂದು ಬೊಗಸೆ ಕುಡಿದೆ. ಸಿಹಿ ಇತ್ತು.

ಅಲ್ಲಿಯೇ ಮುದುಕ ನಾವು ಬಂದ ಕೆಲಸದ ಮಾತು ತೆಗೆದ. ನಮಗೆ ಆ ಧೈರ್ಯ ಇರಲಿಲ್ಲ. ಶರಣು ಕೇಳಿ ನನಗೆ ಹೇಳಿದ: "ಒಯ್ಯೂದಿದ್ರ ಒಯ್ರಿ, ತೋಡಿದವ್ರ ಎಲ್ಲಾರೂ ಅದಾರ, ಅವ್ರನ್ನ ಕರೀತೇನಿ ಅಂತಾನ್ರಿ. ಆದರ..."

"ಆದರ ಏನು?"

"ಆರಾಮ ಕುಂತಾನ, ಯಾಕ ಎಬ್ಬಸ್ತೀರಿ ಅಂತ ಕೇಳ್ತಾನ."

ನಾನು ಮುದುಕನ ಎರಡೂ ಕೈ ಹಿಡಿದುಕೊಂಡೆ. ಅವನು ಅದನ್ನು ಉತ್ತರ ಎಂದೇ ತಿಳಿದ. ಅದು ಉತ್ತರವೇ ಆಗಿತ್ತು.

ವಾಪಸ್ಸು ಬಂದು ಶರಣು ಶಿಲುಬೆಯನ್ನು ಕಿತ್ತ. ಗೆದ್ದಲು ತಿಂದ ಬುಡವನ್ನು ಕೊಯ್ದು ತೆಗೆದ. ಒಂದು ಹಳೆಯ ಕಬ್ಬಿಣದ ಪೈಪಿನ ತುಂಡು ಹುಡುಕಿ ತಂದು, ಪಕ್ಕಡಿನಿಂದ ತಂತಿ ಬಿಗಿದು, ಮತ್ತೆ ನೆಟ್ಟಗೆ ನಿಲ್ಲಿಸಿದ. "ಊರಾಗ ಯಾರಿಗೂ ಹೇಳಬ್ಯಾಡ್ರಿ ಮತ್ತ. ಅಣ್ಣನ್ನ ತರತೀನಿ ಅಂತ ಬಂದಾಂವ ಶಿಲುಬಿ ರಿಪೇರಿ ಮಾಡಿ ಹೋದೆ." ಕೈ ಒರೆಸಿಕೊಂಡು ವಿಭೂತಿ ಗಟ್ಟಿ ಹೊರಗೆ ತೆಗೆದವನು ಗೊಂದಲಕ್ಕೆ ಬಿದ್ದ. "ಇದನ್ನ ಎಲ್ಲಿ ಹಚ್ಚೂದ್ರಿ? ಶಿಲುಬಿಗೆ?"

ನಾನು ಮೂರು ಬೆರಳಿಗೆ ಹಚ್ಚಿಕೊಂಡು ಅಡ್ಡ ಕಟ್ಟಿಗೆಯ ಮೇಲೆ ಎಳೆದೆ. ಚೆನ್ನಾಗಿ ಹಿಡಿಯಿತು. ಮುತುವಾ ಬಂದು ನೋಡಿ ತಲೆಯಾಡಿಸಿದ. ಬಿಳಿ ಬಟ್ಟೆಯನ್ನು ಮ್ವೆಂಡೆಗೆ ಕೊಟ್ಟೆ. ಏನು ಮಾಡಲಿ ಎಂದು ಕೇಳಿದಳು. ಹೊಸ ಬಟ್ಟೆ, ಏನಾದರೂ ಹೊಲಿಸಿಕೋ ಎಂದೆ.

ಘೋಣಸಗಿ

ಗಲ್ಲಿಗೆ ಮರಳಿದ ದಿನ ರಜಿಯಾ ಬಾಗಿಲಲ್ಲೇ ಕೇಳಿದಳು: "ಕೈ ಹಿಡದ್ಯಾ?"

"ಹಿಡದೆ."

"ಮತ್ತ ಆತಲ್ಲ ಬೇ. ಊಟ ಮಾಡು ಬಾ." ಅಷ್ಟೇ ಕೇಳಿದಳು. ಆ ದಿನ ನಾನು ಹೊಟ್ಟೆ ತುಂಬ ಉಂಡು ಬೆಳಕು ಹರಿಯುವವರೆಗೆ ನಿದ್ದೆ ಮಾಡಿದೆ.

ಹಿಂಗಾರಿ ಬಿತ್ತಿಗೆಗೆ ಘೋಣಸಗಿಯ ಹೊಲಕ್ಕೆ ಟ್ರ್ಯಾಕ್ಟರು ಬಂತು. ಒಳ್ಳೆ ಹದವಿತ್ತು. ಶರಣುವೂ ಬಂದಿದ್ದ. ಬದುವಿನ ಮೇಲೆ ಕುಳಿತು ಚಹಾ ಕುಡಿಯುತ್ತಿದ್ದೆವು. ಹೊಲದ ಆ ತುದಿಗೆ ಬಂದಾಗ ಟ್ರ್ಯಾಕ್ಟರಿನವನು ಗಾಡಿ ನಿಲ್ಲಿಸಿ ಪ್ರತಿ ಸಲದ ಮಾತು ಕೂಗಿದ: "ಅಕ್ಕಾರ, ಮೂಲಿ ಬಿಡ್ಲಿರಿ?"

ಶರಣು ನನ್ನ ಕಡೆ ನೋಡಲಿಲ್ಲ. ಲೋಟದೊಳಗೆ ನೋಡುತ್ತಿದ್ದ.

"ಬಿಡಬ್ಯಾಡಪ್ಪಾ," ಎಂದೆ. "ಮಾವನವ್ರ ಸಮಾಧಿ ಅಷ್ಟ ಬಿಟ್ಟು ಬಿತ್ತು."

ಅವನು ಇಳಿದು ಬಂದು ಕಾಲಿನಿಂದ ಆ ನೆಲವನ್ನು ಒತ್ತಿ ನೋಡಿದ. "ನೆಲಾ ಭಾಳ ಗಟ್ಟಿ ಆಗೇತ್ರಿ. ಮೊದಲ ರಂಟಿ ಹೊಡಿಬೇಕಾಗ್ತದ. ಈ ವರ್ಷ ಇಲ್ಲಿ ಬೆಳಿ ಸುಮಾರ ಬರ್ತೈತಿ ನೋಡ್ರಿ."

"ಬಂದಷ್ಟ ಬರ್ಲಿ," ಎಂದೆ. "ಮೊದಲ ಇಲ್ಲಿ ಕುಂದರು. ಚಾ ಕುಡದ ಹೊಡಿವಂತಿ."